ಕಲ್ಲು ಸತ್ತವನಿಗೆ, ಬದುಕಿ ಬಂದವನಿಗೇನು?

(ಅರಸೀಕೆರೆಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸೈನಿಕರ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ತಾವು ಕೇಳಿದಿರಿ. ನಾನು ಬಂದೂಕು ಹಿಡಿದವನಲ್ಲ. ಕವಾಯತು ಮಾಡಿದವನೂ ಅಲ್ಲ. ನನ್ನ ಆಯುಷ್ಯವೆಲ್ಲ ಕೊಬ್ಬರಿ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಕಳೆದುಹೋಯಿತು. ಆದರೂ ನಮ್ಮೂರು ರೈಲ್ವೆ ಜಂಕ್ಷನ್ನು. ದಂಡಿಗೆ ಹೊರಟ ಹುಡುಗರು ಟ್ರಂಕು ಹೊತ್ತು ಇದೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿರುತ್ತಾರೆ. ತಾಯಿ ಬುತ್ತಿಯ ಗಂಟು ಕೈಗೆ ಕೊಟ್ಟು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುತ್ತಾಳೆ. ಇದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಹೊರಡುವಾಗ ಹಾರ ಹಾಕುತ್ತೇವೆ. ಹೆಣವಾಗಿ ಬಂದರೆ ಊರಿಗೆ ಊರೇ ಮೆರವಣಿಗೆ ಹೊರಡುತ್ತದೆ. ಜೀವಂತವಾಗಿ ಬಂದು ಅದೇ ಪ್ಲಾಟ್‌ಫಾರಮ್ಮಿನಲ್ಲಿ ಇಳಿದವನಿಗೆ ನಾವೇನು ಮಾಡುತ್ತೇವೆ? ಈ ಒಂದು ಪ್ರಶ್ನೆಯನ್ನೇ ಇವತ್ತು ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ಬಹಳ ದೂರ ಹೋಗುವುದು ಬೇಡ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ, ಬೇಲೂರು ಹಳೇಬೀಡಿನ ಸುತ್ತಿನಲ್ಲಿ, ಕೆರೆ ಏರಿಯ ಮೇಲೆ, ಈಶ್ವರನ ಗುಡಿಯ ಅಂಗಳದಲ್ಲಿ ವೀರಗಲ್ಲುಗಳನ್ನು ತಾವೆಲ್ಲ ಕಂಡವರೇ. ಎಷ್ಟೋ ಕಡೆ ಅವು ಬಟ್ಟೆ ಒಗೆಯುವ ಕಲ್ಲಾಗಿವೆ. ಇನ್ನು ಕೆಲವು ಕಡೆ ಅರಿಶಿನ ಕುಂಕುಮ ಬಳಿದುಕೊಂಡು ದೇವರಾಗಿವೆ. ನಿಂತು ನೋಡಿದರೆ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು ಕಾಣುತ್ತವೆ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕುಳಿತಿರುತ್ತಾನೆ. ಇವರೆಲ್ಲ ದೊಡ್ಡ ದಂಡನಾಯಕರೆಂದು ತಿಳಿಯಬೇಡಿ. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಪ್ರಾಣ ಬಿಟ್ಟ ಹಳ್ಳಿಯ ಹುಡುಗರೂ ಇವರಲ್ಲಿ ಬಹಳ ಮಂದಿ. ಇವತ್ತಾಗಿದ್ದರೆ ಅವರು ನಮ್ಮ ಗಿರಣಿಗಳಲ್ಲಿ ಹಮಾಲಿ ಮಾಡಿಕೊಂಡು ಇರುತ್ತಿದ್ದರು.

ಈಗ ಒಂದು ಮಾತು ಗಮನಿಸಿ. ಆ ಮೂರು ಪಟ್ಟಿಕೆಗಳಲ್ಲಿ ರಣರಂಗವಿದೆ, ಆಕಾಶಮಾರ್ಗವಿದೆ, ಕೈಲಾಸವಿದೆ. ಮನೆ ಇಲ್ಲ. ಕೈ ಕಳೆದುಕೊಂಡು ಬಂದವನು ಅಲ್ಲಿಲ್ಲ. ರಾತ್ರಿ ನಿದ್ದೆಯಲ್ಲಿ ಚೀರಿ ಏಳುವವನು ಅಲ್ಲಿಲ್ಲ. ಸತ್ತವನಿಗೆ ಮಾತ್ರ ಕಲ್ಲು.

ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯ ಆನೆ, ಕುದುರೆಗಳ ಸಾಲನ್ನು ಎಲ್ಲರೂ ನೋಡಿ ಬರುತ್ತಾರೆ. ಅದೇ ಆವರಣದ ದಕ್ಷಿಣಕ್ಕೆ ಒಂದು ಕಂಬವಿದೆ. ಅದರ ಮುಂದೆ ನಿಲ್ಲುವವರು ಕಡಿಮೆ. ಅದು ಕುವರ ಲಕ್ಷ್ಮನ ಕಂಬ. ಅವನು ಎರಡನೆಯ ವೀರಬಲ್ಲಾಳನ ದಂಡನಾಯಕ. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ವ್ರತ ತೊಟ್ಟವನು. ಅಂಥವರನ್ನು ಗರುಡರೆಂದು ಕರೆಯುತ್ತಿದ್ದರು. 1220ರಲ್ಲಿ ಬಲ್ಲಾಳ ತೀರಿಕೊಂಡ. ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಕೊಟ್ಟರು. ಅವನ ಜೊತೆಗಿದ್ದ ಸಾವಿರ ಯೋಧರ ಮಾತನ್ನೂ ಶಾಸನ ಹೇಳುತ್ತದೆ. ಕಂಬದ ಮೇಲೆ ಸಣ್ಣ ಸಣ್ಣ ಬೊಂಬೆಗಳಿವೆ. ಅವು ತಮ್ಮ ಕೈಗಳನ್ನೂ ತಲೆಗಳನ್ನೂ ತಾವೇ ಕತ್ತರಿಸಿಕೊಳ್ಳುತ್ತಿವೆ. ಯಾವ ಶತ್ರುವೂ ಎದುರಿಗಿಲ್ಲ.

ಇದು ಯಾಕೆ ನಡೆಯಿತು? ಹಳೆಯ ಕನ್ನಡದಲ್ಲಿ ಜೋಳವಾಳಿ ಎಂಬ ಮಾತೊಂದಿದೆ. ಒಡೆಯನ ಜೋಳ ಉಂಡವನು ಅದರ ಋಣವನ್ನು ಪ್ರಾಣ ಕೊಟ್ಟು ತೀರಿಸಬೇಕು ಎಂಬುದು ಅದರ ತಿರುಳು. ಸಂಗಾತಿಗಳೇ, ಆ ಯೋಧರ ನಿಷ್ಠೆಯನ್ನು ನಾನು ಹೀಯಾಳಿಸುವುದಿಲ್ಲ. ಕೊಟ್ಟ ಮಾತಿಗೆ ತಪ್ಪದವರು ಅವರು. ಆದರೆ ಒಂದು ಲೆಕ್ಕ ಕೇಳುತ್ತೇನೆ. ಮಂಡಿಯಲ್ಲಿ ಲೆಕ್ಕ ಬರೆದವನು ನಾನು. ಆ ಜೋಳವನ್ನು ಬೆಳೆದವರು ಯಾರು? ರಾಜನು ಬೆಳೆಯಲಿಲ್ಲ. ಆ ಯೋಧನ ಅಪ್ಪನೂ ಅಣ್ಣನೂ ಬೆಳೆದರು. ಅವರ ಬೆವರಿನ ಜೋಳವನ್ನೇ ಅವರ ಮಗನಿಗೆ ಸಾಲವೆಂದು ಕೊಟ್ಟು, ಅವನ ತಲೆಯನ್ನು ಬಡ್ಡಿಯೆಂದು ತೆಗೆದುಕೊಂಡರು. ಈ ಲೆಕ್ಕ ನಮ್ಮ ಯಾವ ಅಂಗಡಿಯಲ್ಲೂ ನಡೆಯಕೂಡದು.

ಹಾಗೆಂದು ನಮ್ಮ ಹಿರಿಯರಿಗೆ ಬೇರೆ ಲೆಕ್ಕ ಗೊತ್ತೇ ಇರಲಿಲ್ಲವೆಂದು ಹೇಳಲಾರೆ. ಕುವರ ಲಕ್ಷ್ಮನಿಗಿಂತ ಏಳೆಂಟು ನೂರು ವರ್ಷ ಹಿಂದಿನ ಸಾಕ್ಷಿ ಇದೇ ಬೇಲೂರು ತಾಲ್ಲೂಕಿನಲ್ಲಿ ಸಿಕ್ಕಿದೆ. ಹಲ್ಮಿಡಿ ಎಂಬ ಹಳ್ಳಿ. ಅಲ್ಲಿ ಸಿಕ್ಕ ಶಾಸನವನ್ನು 1936ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450. ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಬಹುಕಾಲದಿಂದ ಹೆಸರಾದ ಕಲ್ಲು ಅದು. ಶಾಲೆಯಲ್ಲಿ ಮಕ್ಕಳು ಅದರ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅದರಲ್ಲಿ ಬರೆದಿರುವುದೇನೆಂದು ಕೇಳಿದರೆ ಹೇಳುವವರು ಕಡಿಮೆ.

ಅದರಲ್ಲಿರುವುದು ಯುದ್ಧದಿಂದ ಮರಳಿದ ಒಬ್ಬ ಯೋಧನ ವಿಷಯ. ವಿಜ ಅರಸನೆಂಬವನು ಕೇಕಯ, ಪಲ್ಲವರ ಎದುರು ಕಾದಿ ಗೆದ್ದು ಬಂದ. ಅವನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟರು. ಆ ಕೊಡುಗೆಯ ಹೆಸರು ಬಾಳ್ಗಚ್ಚು. ಬಾಳ್ ಎಂದರೆ ಕತ್ತಿ. ಗಚ್ಚು ಎಂದರೆ ತೊಳೆಯುವುದು. ಹೋರಾಡಿ ಬಂದವನ ಕತ್ತಿಯ ನೆತ್ತರನ್ನು ತೊಳೆದು, ಇನ್ನು ಇದನ್ನು ಒಳಗಿಡಪ್ಪ, ಇಗೋ ನಿನ್ನ ಬಾಳುವೆಗೆ ಭೂಮಿ ಎಂದು ಹೇಳುವ ಕೊಡುಗೆ. ಈ ದಾನವನ್ನು ಕೆಡಿಸಿದವನಿಗೆ ಮಹಾಪಾತಕವೆಂದೂ ಕಲ್ಲಿನಲ್ಲಿ ಬರೆದಿದೆ. ವಿಜ ಅರಸ ದೊಡ್ಡ ಮನುಷ್ಯ, ನಿಜ. ಅವನ ಹಿಂದೆ ನಡೆದ ಕಾಲಾಳುಗಳಿಗೆ ಊರು ಸಿಕ್ಕಿತೆಂದು ಅದರಲ್ಲಿ ಬರೆದಿಲ್ಲ. ಆದರೂ ತತ್ವವೊಂದು ಅಲ್ಲಿದೆ. ಯುದ್ಧ ಮುಗಿದ ಮೇಲೆ ಊರು ಯೋಧನಿಗೆ ಸಾಲಗಾರ. ಸತ್ತವನ ಮನೆಯವರಿಗೂ ಭೂಮಿ ಬಿಡುವ ಪದ್ಧತಿ ಮುಂದೆ ಬೆಳೆಯಿತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನಮ್ಮ ಭಾಷೆ ಕಲ್ಲಿನ ಮೇಲೆ ಮೊದಮೊದಲು ಬರೆದ ಮಾತೇ ಸೈನಿಕನಿಗೆ ಸಲ್ಲಬೇಕಾದ ಬಾಕಿಯ ಮಾತು ಎಂಬುದನ್ನು ನಾವು ಮರೆಯಕೂಡದು.

ಈಗ ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲಕ್ಕೆ ಬರೋಣ. 1914ರಲ್ಲಿ ಯೂರೋಪಿನ ರಾಜರು ಕಾದಾಡಿದರು. ನಾಲ್ಕು ವರ್ಷದಲ್ಲಿ ಹಿಂದೂಸ್ಥಾನದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸಮುದ್ರ ದಾಟಿಸಿದರು. ಸತ್ತವರು 70,000ಕ್ಕೂ ಹೆಚ್ಚು. ಬ್ರಿಟಿಷ್ ಪಡೆಯ ದೇಶೀ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ. ಫ್ರಾನ್ಸಿನ ಕೆಸರಿನ ಕಂದಕಗಳಲ್ಲಿ ಕೂತು ಅವರು ಊರಿಗೆ ಕಾಗದ ಬರೆಸುತ್ತಿದ್ದರು. ದೊರೆಗಳು ಆ ಕಾಗದಗಳನ್ನು ಒಡೆದು ಓದುವ ಏರ್ಪಾಡು ಮಾಡಿದ್ದರು. ಆದುದರಿಂದ ಸಿಪಾಯಿಗಳು ಗುಟ್ಟಿನ ಮಾತು ಹೂಡಿಕೊಂಡರು. ಮೆಣಸಿನ ವ್ಯಾಪಾರ ಮಾಡುವವರು ಇಲ್ಲಿ ಇದ್ದೀರಿ, ಕೇಳಿ: ಕರಿಮೆಣಸು ಎಂದರೆ ನಮ್ಮ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ. ಕರಿಮೆಣಸು ಖರ್ಚಾಗುತ್ತಾ ಬಂದಿದೆ ಎಂದು ಬರೆದರೆ ಊರಿನವರು ಅರ್ಥ ಮಾಡಿಕೊಳ್ಳಬೇಕು, ನಮ್ಮವರು ಮುಗಿಯುತ್ತಿದ್ದಾರೆ, ತಮ್ಮನನ್ನು ಸೇರಿಸಬೇಡಿ ಎಂದು. ಆ ಕಾಗದಗಳ ನಕಲುಗಳು ಈಗಲೂ ಲಂಡನ್ನಿನ ಗ್ರಂಥಾಲಯದಲ್ಲಿವೆ.

ಮೈಸೂರು ಸಂಸ್ಥಾನದ ಕುದುರೆ ಪಡೆಯೂ ಹೋಯಿತು. ಮೈಸೂರು ಲ್ಯಾನ್ಸರ್ಸ್ ಎಂದು ಅದರ ಹೆಸರು. ಸೂಯೆಜ್ ಕಾಲುವೆಯ ಮರಳಿನಲ್ಲಿ ಕಾವಲು ಕಾದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದರು. ಮೆಷಿನ್ ಗನ್ನು, ಫಿರಂಗಿಗಳ ಎದುರಿಗೆ ಭರ್ಜಿ ಹಿಡಿದು ಕುದುರೆ ಓಡಿಸಿದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ವಿಗ್ರಹಗಳು ಮೈಸೂರು, ಹೈದರಾಬಾದು, ಜೋಧಪುರಗಳ ಸವಾರರವು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಸಂತೋಷ. ಆದರೆ ಅದೇ 1918ರ ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇನ್‌ಫ್ಲುಯೆಂಜಾ ಜ್ವರ ಮನೆ ಮನೆಗೂ ನುಗ್ಗಿತ್ತು. ಆ ಜ್ವರ ದೇಶದೊಳಕ್ಕೆ ಬಂದದ್ದೂ ಯುದ್ಧದ ಹಡಗುಗಳ ದಾರಿಯಲ್ಲೇ, ಬೊಂಬಾಯಿಯ ಬಂದರಿನಿಂದ. ಹೈಫಾದಲ್ಲಿ ಗೆದ್ದ ಸವಾರ ಊರಿಗೆ ಬಂದಾಗ ಅವನನ್ನು ಕಳಿಸಿಕೊಟ್ಟ ತಾಯಿ ಬಾಗಿಲಲ್ಲಿದ್ದಳೋ ಇಲ್ಲವೋ, ಅದನ್ನು ಯಾವ ವಿಗ್ರಹವೂ ಹೇಳುವುದಿಲ್ಲ.

ಇನ್ನು ಮನಸ್ಸಿನ ಗಾಯದ ವಿಷಯ. ಅದೇ ಯುದ್ಧದಲ್ಲಿ, ಮೈಮೇಲೆ ಒಂದು ಗೀರೂ ಇಲ್ಲದ ಹುಡುಗರು ಗಡಗಡ ನಡುಗತೊಡಗಿದರು. ಮಾತು ಬಿದ್ದುಹೋಯಿತು, ಕಣ್ಣು ಕಾಣದಾಯಿತು. 1915ರಲ್ಲಿ ಇಂಗ್ಲಿಷ್ ವೈದ್ಯರೊಬ್ಬರು ಇದಕ್ಕೆ ಶೆಲ್ ಶಾಕ್ ಎಂಬ ಹೆಸರನ್ನು ಬಳಸಿ ಬರೆದರು. ಹೆಸರು ಬಂದಿತೇ ಹೊರತು ಕರುಣೆ ಬರಲಿಲ್ಲ. ಹೇಡಿತನ, ಪಲಾಯನ ಮುಂತಾದ ತಪ್ಪು ಹೊರಿಸಿ ಬ್ರಿಟಿಷರು ತಮ್ಮದೇ ಸೈನ್ಯದ 306 ಮಂದಿಯನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಹದಿಹರೆಯದವರೂ ಇದ್ದರು. ಅವರಿಗೆಲ್ಲ ಕ್ಷಮೆ ಸಿಕ್ಕಿದ್ದು 2006ರಲ್ಲಿ! ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಹುಡುಗರು ಹಟ ಹಿಡಿದ ಮೇಲೆ 1980ರಲ್ಲಿ ಅಲ್ಲಿನ ಮನೋವೈದ್ಯರು ಈ ನೋವನ್ನು ರೋಗಗಳ ಪಟ್ಟಿಗೆ ಸೇರಿಸಿದರು. ಅಲ್ಲಿಯ ತನಕ ಅದು ನಾಚಿಕೆಗೇಡು. ಅನಂತರ ಅದು ಗಾಯ. ನಮ್ಮ ಹಳ್ಳಿಗಳಲ್ಲಿ ಅದು ಈಗಲೂ ನಾಚಿಕೆಗೇಡಾಗಿಯೇ ಉಳಿದಿದೆ.

ಈ ಮಾತನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನದೇ ತಪ್ಪೊಂದನ್ನು ತಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಬ್ರಿಟಿಷ್ ಸೇನಾಧಿಪತಿಗಳು ಶರಣಾದರು. ಸುಮಾರು 40,000 ಹಿಂದೂಸ್ಥಾನಿ ಸಿಪಾಯಿಗಳು ಒಂದೇ ಏಟಿಗೆ ಜಪಾನೀಯರ ಸೆರೆಯಾಳುಗಳಾದರು. ಮೈಸೂರು ಸಂಸ್ಥಾನದ ಪದಾತಿ ಪಡೆಯ ಒಂದು ಬೆಟಾಲಿಯನ್ನೂ ಅಲ್ಲಿತ್ತು. ಕೆಲವರು ಆಜಾದ್ ಹಿಂದ್ ಫೌಜು ಸೇರಿದರು. ಸೇರದವರಲ್ಲಿ ಸಾವಿರಾರು ಮಂದಿಯನ್ನು ನ್ಯೂಗಿನಿಯಂಥ ದ್ವೀಪಗಳಿಗೆ ಹಡಗಿನಲ್ಲಿ ತುಂಬಿಸಿ ಕೂಲಿಗೆ ಹಚ್ಚಿದರು. ಹಸಿವು, ಜ್ವರ, ಹೊಡೆತಗಳಿಂದ ಬಹಳ ಮಂದಿ ಸತ್ತರು.

ನಾನು ಏಳೆಂಟು ವರ್ಷದ ಹುಡುಗನಾಗಿದ್ದಾಗ, 1960ರ ಸುಮಾರಿನಲ್ಲಿ, ನಮ್ಮ ಬೀದಿಯ ಮಂಡಿಯೊಂದರಲ್ಲಿ ತಕ್ಕಡಿ ಹಿಡಿಯುವ ಆಳೊಬ್ಬನಿದ್ದ. ಸಿಂಗಪುರದಲ್ಲಿ ಸೆರೆ ಸಿಕ್ಕಿ ಮೂರೂವರೆ ವರ್ಷ ಕಳೆದು ಬಂದವನು. ವಯಸ್ಸು ನಲವತ್ತಿದ್ದೀತು, ನೋಡಲು ಅರವತ್ತು. ಸಂಜೆ ಮಂಡಿ ಮುಚ್ಚುವ ಹೊತ್ತಿಗೆ ತಕ್ಕಡಿಯ ಕೆಳಗೆ ಬಿದ್ದ ಕೊಬ್ಬರಿಯ ಚೂರುಗಳನ್ನು ಒಂದೊಂದಾಗಿ ಆರಿಸಿ, ಮಣ್ಣು ಊದಿ, ಟವೆಲಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ. ಅವನಿಗೆ ಊಟಕ್ಕೆ ಕೊರತೆ ಇರಲಿಲ್ಲ. ಆದರೂ ಆ ಗಂಟಿಲ್ಲದೆ ಮಲಗುತ್ತಿರಲಿಲ್ಲವಂತೆ. ದೀಪಾವಳಿಯ ಮೂರು ದಿನ ಊರಲ್ಲೇ ಇರುತ್ತಿರಲಿಲ್ಲ. ಕೆರೆಯ ಆಚೆ ಹೋಗಿ ಕೂತಿರುತ್ತಿದ್ದ. ನಾವು ಹುಡುಗರು ಅವನಿಗೆ ಲಾಮ್ ಹುಚ್ಚ ಎಂದು ಹೆಸರಿಟ್ಟಿದ್ದೆವು. ಒಂದು ದಿನ ನಾನು ಹಿಂದಿನಿಂದ ಹೋಗಿ ಅವನ ಕಾಲ ಬಳಿ ಪಟಾಕಿ ಹಚ್ಚಿದೆ. ಆತ ನೆಲಕ್ಕೆ ಬಿದ್ದು ತಲೆಯ ಮೇಲೆ ಎರಡು ಕೈ ಇಟ್ಟುಕೊಂಡ. ಬೀದಿಯೆಲ್ಲ ನಕ್ಕಿತು. ಟವೆಲಿನ ಗಂಟು ಬಿಚ್ಚಿ ಕೊಬ್ಬರಿ ಚೂರುಗಳು ಚೆಲ್ಲಿದ್ದವು. ಅವನು ಬೈಯಲಿಲ್ಲ, ಎದ್ದು ಮತ್ತೆ ಅವನ್ನು ಆರಿಸಿಕೊಂಡ, ಅಷ್ಟೆ.

ಆತ ಸತ್ತು ಬಹಳ ವರ್ಷವಾಯಿತು. ಅವನ ಹೆಸರಿನ ಕಲ್ಲು ಎಲ್ಲೂ ಇಲ್ಲ, ಏಕೆಂದರೆ ಅವನು ಬದುಕಿ ಬಂದಿದ್ದ. ಆ ಯುದ್ಧದಲ್ಲಿ ಸೈನ್ಯದಲ್ಲಿದ್ದ ಹಿಂದೂಸ್ಥಾನಿಗಳು ಸುಮಾರು 25 ಲಕ್ಷ. ಎಲ್ಲರೂ ಸ್ವಇಚ್ಛೆಯಿಂದ ಬಂದವರೆಂದು ಪುಸ್ತಕಗಳು ಹೊಗಳುತ್ತವೆ. ಹೊಟ್ಟೆಯ ಇಚ್ಛೆಯನ್ನು ಮನಸ್ಸಿನ ಇಚ್ಛೆಯೆಂದು ಬರೆದುಕೊಂಡರೆ ಯಾರು ತಡೆಯುತ್ತಾರೆ? ಆಜಾದ್ ಹಿಂದ್ ಫೌಜಿನವರನ್ನು ನಾವು ಮೆರವಣಿಗೆಯಲ್ಲಿ ಕೊಂಡಾಡಿದೆವು. 1945ರಲ್ಲಿ ಕೆಂಪುಕೋಟೆಯಲ್ಲಿ ಅವರ ಮೇಲೆ ಮೊಕದ್ದಮೆ ನಡೆದಾಗ ದೇಶವೇ ಎದ್ದಿತು. ಸ್ವಾತಂತ್ರ್ಯ ಬಂದ ಮೇಲೆ ಅವರನ್ನು ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ಸ್ವಾತಂತ್ರ್ಯ ಯೋಧರ ಪಿಂಚಣಿಯ ಯೋಜನೆ ಬಂದದ್ದು 1972ರಲ್ಲಿ. ಅಷ್ಟರೊಳಗೆ ಎಷ್ಟು ಮಂದಿ ತಕ್ಕಡಿ ಹಿಡಿದು ಸತ್ತರೋ!

ಇವೆಲ್ಲ ಹಳೆಯ ಕಥೆ, ಈಗ ಸ್ವರಾಜ್ಯ ಎಂದು ಯಾರಾದರೂ ಹೇಳಬಹುದು. ಈಗಿನದನ್ನೇ ಹೇಳುತ್ತೇನೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಹಿಮ ಕುಸಿದು ಮದರಾಸು ರೆಜಿಮೆಂಟಿನ ಹತ್ತು ಜನ ಹೂತುಹೋದರು. ನಮ್ಮ ಹಾಸನದ ತೇಜೂರಿನ ಸುಬೇದಾರರೊಬ್ಬರು ಅವರಲ್ಲಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದೂ ಜೀವ ಹಿಡಿದಿದ್ದರು. ಫೆಬ್ರವರಿ 11ರಂದು ಅವರೂ ಹೋದರು. ಅಂದು ನಾವೆಲ್ಲ ಅತ್ತೆವು. ಅದು ಸುಳ್ಳು ಅಳುವಲ್ಲ. ಅದಕ್ಕೆ ಎಂಟು ತಿಂಗಳು ಹಿಂದೆ, 2015ರ ಜೂನ್‌ನಲ್ಲಿ, ಮುದಿ ಸೈನಿಕರು ಎದೆಯ ಮೇಲೆ ಪದಕ ತೊಟ್ಟು ದೆಹಲಿಯ ಜಂತರ್ ಮಂತರಿನ ಬಿಸಿಲಿನಲ್ಲಿ ಸರದಿ ಉಪವಾಸ ಕೂತಿದ್ದರು. ಕೇಳಿದ್ದು ಇಷ್ಟೇ: ಒಂದೇ ದರ್ಜೆಯಲ್ಲಿ ಒಂದೇ ಅವಧಿ ದುಡಿದವರಿಗೆ ಒಂದೇ ಪಿಂಚಣಿ. ಸಮ ದುಡಿಮೆಗೆ ಸಮ ಕೂಲಿ ಎಂದು ಗಿರಣಿಯ ಬಾಗಿಲಲ್ಲಿ ನಾವು ಕೂಗುವುದಿಲ್ಲವೇ, ಅದೇ ಮಾತು. ಆ ವರ್ಷ ನವೆಂಬರ್ 7ರಂದು ಆದೇಶ ಬಂತು. ಹನುಮಂತಪ್ಪನವರಿಗೆ ಕಣ್ಣೀರು ಹಾಕಿದ ನಾವು ಆ ಮುದುಕರ ಜೊತೆ ಒಂದು ದಿನವಾದರೂ ಕೂತೆವೇ?

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾಯಿತು. ಹದಿನೇಳೂವರೆ ವರ್ಷದಿಂದ ಇಪ್ಪತ್ತೊಂದರ ಹುಡುಗರನ್ನು ನಾಲ್ಕು ವರ್ಷಕ್ಕೆ ತೆಗೆದುಕೊಳ್ಳುವುದು. ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುವುದು. ಹೋಗುವಾಗ ಸುಮಾರು 11 ಲಕ್ಷ 71 ಸಾವಿರ ರೂಪಾಯಿ. ಅದರಲ್ಲಿ ಅರ್ಧ ಅವನ ಸಂಬಳದಿಂದಲೇ ಹಿಡಿದದ್ದು. ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ. ಇದನ್ನು ಪ್ರಕಟಿಸಿದಾಗ ಬಿಹಾರ ಮುಂತಾದ ಕಡೆ ಹುಡುಗರು ರೊಚ್ಚಿಗೆದ್ದರು, ರೈಲುಗಳು ಸುಟ್ಟವು. ರೈಲು ಸುಡುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಹುಡುಗರ ಲೆಕ್ಕ ತಪ್ಪೆಂದು ಹೇಳಲಾರೆ. ಗಿರಣಿಯಲ್ಲಿ ಬದಲಿ ಕೆಲಸಗಾರನಾಗಿ ನಾಲ್ಕು ವರ್ಷ ದುಡಿಸಿ, ಕಾಯಂ ಮಾಡುವ ಹೊತ್ತಿಗೆ ಚೀಟಿ ಕೊಟ್ಟು ಕಳಿಸಿದರೆ ಹೇಗಿರುತ್ತದೆಂದು ತಮಗೆ ನಾನು ವಿವರಿಸಬೇಕಾಗಿಲ್ಲ. ಸಾಯಲು ಕಾಯಂ, ಬದುಕಲು ಬದಲಿ ಎಂಬ ಷರತ್ತು ಯಾವ ನ್ಯಾಯ? ಬಾಳ್ಗಚ್ಚು ಕೊಟ್ಟ ನಾಡಿನಲ್ಲಿ ಕತ್ತಿ ಕಸಿದುಕೊಂಡು ಬರಿಗೈಯಲ್ಲಿ ನಿಲ್ಲಿಸುವುದು ತರವಲ್ಲ.

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರದಿಂದಲೇ ಕೇಳೋಣ, ಒಟ್ಟಾಗಿ ಕೇಳೋಣ. ಪ್ರಾಣವನ್ನು ಪಣವಿಡಲು ಕರೆದವನಿಗೆ ಮುದಿತನದ ಅನ್ನ ಕೊಡುವುದು ಔದಾರ್ಯವಲ್ಲ, ಬಾಕಿ ಸಲ್ಲಿಸುವುದು. ಆದರೆ ನಾವೇ ಮಾಡಬಹುದಾದದ್ದೂ ಇದೆ. ವ್ಯಾಪಾರಿ ಬಂಧುಗಳೇ, ದಂಡಿನಿಂದ ಬಂದ ಹುಡುಗ ಅಂಗಡಿಗೆ ಕೆಲಸ ಕೇಳಿ ಬಂದರೆ ಕಾವಲುಗಾರನ ಕೋಲೊಂದನ್ನೇ ತೋರಿಸಬೇಡಿ. ಲಾರಿ, ಯಂತ್ರ, ತಂತಿ, ಔಷಧ, ಲೆಕ್ಕ, ಏನೇನೋ ಕಲಿತು ಬಂದಿರುತ್ತಾನೆ. ಕೇಳಿ ತಿಳಿಯಿರಿ. ಗಿರಣಿಯ ಸಂಗಾತಿಗಳೇ, ಅವನನ್ನು ಯೂನಿಯನ್ನಿನ ಸಭೆಗೆ ಕರೆಯಿರಿ. ಹುಕುಂ ಪಾಲಿಸಿ ಅಭ್ಯಾಸವಾದವನಿಗೆ ಹಕ್ಕು ಕೇಳುವುದನ್ನು ಕಲಿಸಿಕೊಡಿ. ಪಿಂಚಣಿಯ ಕಾಗದ ಪತ್ರ ತುಂಬಲು ಬಾರದ ವಿಧವೆ ಪಕ್ಕದ ಮನೆಯಲ್ಲಿದ್ದರೆ ಅವಳ ಜೊತೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಒಂದು ದಿನ ಹೋಗಿ ಬನ್ನಿ. ತಾಯಂದಿರೇ, ಮಗ ನಿದ್ದೆ ಮಾಡುವುದಿಲ್ಲ, ಮಾತಾಡುವುದಿಲ್ಲ, ಕುಡಿತಕ್ಕೆ ಬಿದ್ದಿದ್ದಾನೆ ಎಂದರೆ ಅದನ್ನು ಮುಚ್ಚಿಡಬೇಡಿ. ದೆವ್ವ ಬಿಡಿಸಲು ಕರೆದೊಯ್ಯಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ. ಸಂಖ್ಯೆ 14416, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ಮದ್ದು ಕೇಳಿದಂತೆ ಇದಕ್ಕೂ ಕೇಳಿ.

ಕೊನೆಯದಾಗಿ, ಹಣ ಖರ್ಚಾಗದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ತಾವು ತಮ್ಮ ತಮ್ಮ ಬೀದಿಗೆ ಹೋದ ಮೇಲೆ, ದಂಡಿಗೆ ಹೋಗಿ ಬದುಕಿ ಬಂದವರು ಯಾರು ಯಾರಿದ್ದಾರೆಂದು ಒಂದು ಪಟ್ಟಿ ಬರೆಯಿರಿ. ಹೆಸರು, ಹೋದ ವರ್ಷ, ಬಂದ ವರ್ಷ, ಈಗ ಜೀವನಕ್ಕೆ ಏನು ಮಾಡುತ್ತಾರೆ, ಅಷ್ಟು ಸಾಕು. ಆಮೇಲೆ ಒಂದು ಸಂಜೆ ಅವರ ಮನೆಯ ಜಗಲಿಯ ಮೇಲೆ ಕೂತು ಕೇಳಿ. ಎಷ್ಟು ಜನರನ್ನು ಕೊಂದೆ ಎಂದು ಮಾತ್ರ ಕೇಳಬೇಡಿ. ಅಲ್ಲಿ ಊಟ ಹೇಗಿತ್ತು, ಜೊತೆಗಾರರು ಯಾರಿದ್ದರು, ಈಗ ನಿದ್ದೆ ಬರುತ್ತದೆಯೇ ಎಂದು ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಸುಮ್ಮನೆ ಕೂತಿದ್ದು ಬನ್ನಿ. ನಮ್ಮ ಬೀದಿಯ ಆ ತಕ್ಕಡಿಯವನ ಬಳಿ ಒಂದು ಸಂಜೆಯಾದರೂ ಹಾಗೆ ಕೂರಲು ನನಗೆ ಬುದ್ಧಿ ಬರಲಿಲ್ಲ. ಬುದ್ಧಿ ಬಂದಾಗ ಅವನಿರಲಿಲ್ಲ.